ಕಟ್ಟಡಕ್ಕೆ, ಯಂತ್ರಕ್ಕೆ ಸಿಎಸ್‌ಆರ್ ಅನುದಾನ ಕೇಳುವ ಮುನ್ನ

ಸಕಲೇಶಪುರವಿರಲಿ, ಮೂಡಿಗೆರೆಯಿರಲಿ, ಟ್ರಸ್ಟ್‌ನ ಕಟ್ಟಡದ ಅರ್ಜಿ ಮುಗ್ಗರಿಸುವುದು ಜಾಗದ ಕಾಗದದಲ್ಲೇ. 2021ರಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದ ಆಸ್ತಿ ಹಣ ಕೊಡುವ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ನೋಂದಾಯಿತ ಟ್ರಸ್ಟ್, ಸೊಸೈಟಿ, ಲಾಭರಹಿತ (ಸೆಕ್ಷನ್ 8) ಕಂಪನಿ, ಫಲಾನುಭವಿಗಳ ಸಂಘ ಅಥವಾ ಸರ್ಕಾರಿ ಪ್ರಾಧಿಕಾರದ ಹೆಸರಲ್ಲಿರಬೇಕು. ಅಧ್ಯಕ್ಷರ ಸ್ವಂತ ಜಾಗದಲ್ಲಿ ಕಟ್ಟುತ್ತೇವೆ ಎಂದರೆ ಕಡತ ಅಲ್ಲೇ ನಿಲ್ಲುತ್ತದೆ. ಪಹಣಿಯಲ್ಲಿ ಕೃಷಿ ಜಮೀನು ಎಂದಿದ್ದರೆ ಮೊದಲು ಭೂಪರಿವರ್ತನೆ. ಆದಾಯ ತೆರಿಗೆ ಇಲಾಖೆಯ 12ಎಬಿ, 80ಜಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಸಂಖ್ಯೆಗಳನ್ನು ಜೊತೆಗಿಡಿ.

ಅಂದಾಜುಪಟ್ಟಿಗೆ ಎಂಜಿನಿಯರ್ ಸಹಿ ಬೇಕು. ಗುತ್ತಿಗೆ ಕೆಲಸದ ಮೇಲಿನ ಶೇ. 18 ಜಿಎಸ್‌ಟಿ ಮರೆತರೆ ಚಾವಣಿಯ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ಅನಿರೀಕ್ಷಿತ ಖರ್ಚಿಗೆ ಶೇ. 5ರಷ್ಟಾದರೂ ಸೇರಿಸಿ. ಮಲೆನಾಡಿನಲ್ಲಿ ಕಂತುಗಳನ್ನು ಮಳೆಗೆ ಹೊಂದಿಸಿ ಕೇಳಿ: ನವೆಂಬರ್‌ನಲ್ಲಿ ಪಾಯ, ಮೇ ಒಳಗೆ ಚಾವಣಿ. ಮೇ ಕೊನೆಯಲ್ಲಿ ಪಾಯ ತೋಡಿದರೆ ಸಿಗುವುದು ಕೆರೆ!

ಯಂತ್ರಕ್ಕೆ ಒಂದೇ ವಿವರಣೆಯ ಮೂರು ಕೊಟೇಶನ್ ತನ್ನಿ. ಸಾಗಣೆ, ವೈರಿಂಗ್, ಅರ್ಥಿಂಗ್, ಸ್ಟೆಬಿಲೈಸರ್, ಮೂರು ವರ್ಷದ ನಿರ್ವಹಣಾ ಒಪ್ಪಂದ ಎಲ್ಲವೂ ಬಜೆಟ್‌ನಲ್ಲಿರಲಿ. ಸಿಂಗಲ್ ಫೇಸ್ ಕಟ್ಟಡಕ್ಕೆ ತ್ರೀ ಫೇಸ್ ಯಂತ್ರ ಬಂದರೆ ಅದು ಪೆಟ್ಟಿಗೆಯಲ್ಲೇ ಕೂರುತ್ತದೆ. ಬಿಲ್, ಸೀರಿಯಲ್ ನಂಬರ್, ಫೋಟೊ ಅಂದೇ ದಾಸ್ತಾನು ಪುಸ್ತಕಕ್ಕೆ ಹತ್ತಿಸಿ; ಚಾರ್ಟರ್ಡ್ ಅಕೌಂಟೆಂಟ್ ಹಣ ಬಳಕೆಯ ಪ್ರಮಾಣಪತ್ರ ಕೊಡುವಾಗ ಇವನ್ನೇ ಕೇಳುತ್ತಾರೆ.