ಗೋಡೆಗೆ ಪೌಡರ್ ಹಚ್ಚಿದ್ದು ಸಾಕು: ಅಪ್ಪನ ಮನೆ ರಿಪೇರಿ ಮಾಡಿ ಮಾರಿದ ಅನುಭವ

ಬಳ್ಳಾರಿ ಗಾಂಧಿನಗರದ ಒಂದು ಒಳಬೀದಿಯಲ್ಲಿ ಅಪ್ಪ 1984ರಲ್ಲಿ ಕಟ್ಟಿಸಿದ ಮನೆ. 30x40 ಸೈಟು, ಪೂರ್ವದ ಬಾಗಿಲು, ಕಡಪ ಬಂಡೆಯ ನೆಲ, ಗೋಡೆಯೊಳಗೆ ಕಡಪ ಕಲ್ಲಿನದೇ ಗೂಡುಗಳು. ಅಪ್ಪ ಹೋದ ಮೇಲೆ ಅಮ್ಮ ನನ್ನ ಮನೆಗೆ ಬಂದಳು. ತಮ್ಮ ಬೆಂಗಳೂರು ಬಿಟ್ಟು ಬರುವವನಲ್ಲ. ಎರಡು ವರ್ಷ ಬೀಗ ಹಾಕಿಟ್ಟು, ಕೊನೆಗೆ 2024ರ ನವೆಂಬರ್‌ನಲ್ಲಿ ಮಾರೋಣ ಅಂತ ತೀರ್ಮಾನ ಮಾಡಿದೆವು.

ಕರೆಸಿದ ಬ್ರೋಕರ್ ಗೇಟಿನ ಹತ್ತಿರವೇ ನಿಂತು ಮೇಲೆ ಕೆಳಗೆ ನೋಡಿದರು. ಒಳಗೆ ಬರಲೇ ಇಲ್ಲ. "ಮೇಡಂ, ಸೈಟಿನ ರೇಟಿಗೆ ಹೋಗ್ತದೆ. ಮನೆ ಲೆಕ್ಕಕ್ಕಿಲ್ಲ. ಮೂವತ್ತಾರು ಲಕ್ಷ ಅನ್ಕೊಳ್ಳಿ" ಅಂದರು.

ಗಣಿ ಜೋರಾಗಿ ಓಡುತ್ತಿದ್ದ ಕಾಲದಲ್ಲಿ ಆಗಿದ್ದರೆ ಈ ಮಾತು ಬರುತ್ತಿರಲಿಲ್ಲ. ಆಗ ಜನ ಸೈಟು ನೋಡದೆ ಅಡ್ವಾನ್ಸ್ ಕೊಡುತ್ತಿದ್ದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಆ ಗುಂಗು ಇಳಿಯಿತು. ಗಣಿ ಮತ್ತೆ ಶುರುವಾಯಿತು, ಆ ಆತುರ ಮಾತ್ರ ತಿರುಗಿ ಬರಲಿಲ್ಲ. ಈಗ ಕೊಳ್ಳುವವರು ಸಂಬಳದವರು, ಬ್ಯಾಂಕ್ ಸಾಲದವರು. ನಾಲ್ಕು ಮನೆ ನೋಡಿ, ಮನೆಯವರನ್ನೆಲ್ಲ ಕರೆತಂದು ತೋರಿಸಿ, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ.

ನಾನು ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವಳು. ಮನೆ ಕಟ್ಟುವ ಕೆಲಸ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ಮಾಡಿದೆ: ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿದೆ. ಡಿಸೆಂಬರ್‌ನಲ್ಲಿ 62 ಸಾವಿರ ಖರ್ಚಾಯಿತು. ಮನೆ ಮದುಮಗಳ ಹಾಗೆ ಕಂಡಿತು. ಫೋಟೋ ನೋಡಿ ತಮ್ಮ, "ಅಕ್ಕ, ಹಾಲಿಗೂ ಅಡುಗೆಮನೆಗೂ ಫಾಲ್ಸ್ ಸೀಲಿಂಗ್ ಮಾಡಿಸಿಬಿಡು, ಇನ್ನೂ ಎರಡು ಲಕ್ಷ ಜಾಸ್ತಿ ಕೇಳಬಹುದು" ಅಂತ ಉತ್ಸಾಹ ತೋರಿಸಿದ.

ಫೆಬ್ರವರಿಯಲ್ಲಿ ಬೀಗ ತೆಗೆದರೆ ಹಾಲಿನ ಉತ್ತರದ ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಉಗುರಿನಿಂದ ಮುಟ್ಟಿದರೆ ಸಾಕು, ಪುಟ್ಟಿ ಸಮೇತ ಉದುರುತ್ತಿತ್ತು. ಹಿಂದೆ ಬಿಳಿ ಉಪ್ಪು. ಬಣ್ಣದವರಿಗೆ ಫೋನ್ ಮಾಡಿದರೆ "ಹಳೇ ಗೋಡೆ, ನಾವೇನ್ ಮಾಡೋದು" ಅಂತ ಇಟ್ಟುಬಿಟ್ಟರು.

ಆಗ ಪಕ್ಕದ ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಾದ ಗೌಂಡಿಯೊಬ್ಬರನ್ನು ಕರೆತಂದೆ. ಅವರು ಗೋಡೆ ನೋಡಿದ್ದು ಎರಡೇ ನಿಮಿಷ. ಹೊರಗೆ ಹೋಗಿ ಅಂಗಳದ ಈಶಾನ್ಯ ಮೂಲೆಯ ಸಂಪಿನ ಮುಚ್ಚಳ ಎತ್ತಿಸಿದರು. "ಅಕ್ಕಾ, ನೀವು ಗೋಡಿಗೆ ಪೌಡರ್ ಹಚ್ಚಿಸೀರಿ. ಜ್ವರ ಎಲ್ಲಿಂದ ಬಂತು ಅಂತ ನೋಡಿಲ್ಲ" ಅಂದರು.

ಅವತ್ತು ರಾತ್ರಿ ಸಂಪ್ ತುಂಬಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಬಂದೆ. ನಲ್ಲಿ ಬಂದ್ ಮಾಡಿ, ಮೋಟಾರ್ ಫ್ಯೂಸ್ ಕಿತ್ತಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ನಾಲ್ಕು ಇಂಚು ಇಳಿದಿತ್ತು. ಸಂಪ್ ಆರಡಿ ಉದ್ದ, ಆರಡಿ ಅಗಲ, ಐದಡಿ ಆಳ. ನಾಲ್ಕು ಇಂಚು ಅಂದ್ರೆ ಒಂದೇ ರಾತ್ರಿಗೆ 300 ಲೀಟರಿಗೂ ಜಾಸ್ತಿ. ಅಷ್ಟೂ ಹಾಲಿನ ಪಾಯದೊಳಗೆ ಇಂಗುತ್ತಿತ್ತು. ಎರಡು ವರ್ಷ ಸಂಪ್ ಖಾಲಿ ಇದ್ದದ್ದರಿಂದ ಗೋಡೆ ಒಣಗಿದಂತೆ ಕಂಡಿತ್ತು. ಬಣ್ಣದ ಕೆಲಸಕ್ಕೆ ನೀರು ಬೇಕು ಅಂತ ನಾನೇ ತುಂಬಿಸಿದ್ದೆ!

ಸಂಪನ್ನು ಖಾಲಿ ಮಾಡಿ, ಮೂಲೆಗಳ ಗಾರೆ ಕಿತ್ತು, ವಾಟರ್‌ಪ್ರೂಫ್ ಪುಡಿ ಸೇರಿಸಿದ ಸಿಮೆಂಟಿನಲ್ಲಿ ಎರಡು ಸಲ ಪ್ಲಾಸ್ಟರ್ ಮಾಡಿಸಿ, ಒಳಗೆ ಬಿಳಿ ಟೈಲ್ಸ್ ಹಾಕಿಸಿದೆವು. 38 ಸಾವಿರ ಆಯಿತು. ಗೋಡೆಯ ಪ್ಲಾಸ್ಟರನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ ಒಂದು ತಿಂಗಳು ಹಾಗೇ ಬಿಟ್ಟೆವು. ಒಣಗಿದೆಯೋ ಇಲ್ಲವೋ ನೋಡಲು ಗೌಂಡಿ ಒಂದು ಉಪಾಯ ಹೇಳಿಕೊಟ್ಟರು. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಬೇಕು. ಮರುದಿನ ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಗೋಡೆ ಇನ್ನೂ ಹಸಿ. ನಮ್ಮದು ಮೂರನೇ ಸಲಕ್ಕೆ ಒಣಗಿತ್ತು. ಆಮೇಲೇ ಹೊಸ ಪ್ಲಾಸ್ಟರ್. ಮಾರ್ಚ್ ಬಿಸಿಲು ಬೇರೆ. ಗೋಣಿಚೀಲ ನೆನೆಸಿ ಹೊದಿಸಿ, ಏಳು ದಿನ ಬೆಳಿಗ್ಗೆ ಸಂಜೆ ನಾನೇ ಹೋಗಿ ಕ್ಯೂರಿಂಗ್ ಮಾಡಿದೆ. ಕೂಲಿಯವರ ಮೇಲೆ ಬಿಟ್ಟರೆ ಮಧ್ಯಾಹ್ನಕ್ಕೆ ಚೀಲ ಗರಿಗರಿಯಾಗಿ ಒಣಗಿರುತ್ತಿತ್ತು.

ಅಷ್ಟರಲ್ಲಿ ಅದೇ ಗೌಂಡಿ ಅಡುಗೆಮನೆಯ ಮಾಳಿಗೆಯ ಸ್ಲ್ಯಾಬನ್ನು ಕೆಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋದರು. ಟಣ್ ಟಣ್ ಅಂತ ಬರುತ್ತಿದ್ದ ಸದ್ದು ಒಂದು ಕಡೆ ಡಬ್ ಡಬ್ ಆಯಿತು. ಪೊಳ್ಳು. ಅಲ್ಲಿ ಕೆತ್ತಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಕಾಂಕ್ರೀಟನ್ನು ತಳ್ಳುತ್ತಿತ್ತು. ಮೇಲಿನ ಗಚ್ಚು ಬಿರುಕು ಬಿಟ್ಟು ಮಳೆನೀರು ಇಳಿದ ಫಲ. ಸಡಿಲಾದದ್ದನ್ನೆಲ್ಲ ಕೆಡವಿ, ಕಂಬಿಯನ್ನು ತಂತಿ ಬ್ರಷ್‌ನಲ್ಲಿ ಹೊಳೆಯುವವರೆಗೆ ತಿಕ್ಕಿ, ತುಕ್ಕು ತಡೆಯುವ ಕೋಟ್ ಕೊಟ್ಟು, ಪಾಲಿಮರ್ ಗಾರೆ ತುಂಬಿದರು. ಮಾಳಿಗೆಯ ಮೇಲೆ ಗಚ್ಚಿನ ಬಿರುಕು ತುಂಬಿ, ನೀರು ಹರಿಯಲು ಇಳಿಜಾರು ಸರಿಮಾಡಿ, ವಾಟರ್‌ಪ್ರೂಫ್ ಬಿಳಿ ಕೋಟ್ ಹಾಕಿದರು. ಕೊನೆಗೆ ನೀರು ಹೋಗುವ ಪೈಪುಗಳ ಬಾಯಿ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ ಎರಡು ದಿನ ಕಾದೆವು. ಒಂದು ಹನಿಯೂ ಇಳಿಯಲಿಲ್ಲ. ಎಲ್ಲ ಸೇರಿ 1 ಲಕ್ಷ 18 ಸಾವಿರ. ಬಿಳಿ ಕೋಟಿನಿಂದ ಮಧ್ಯಾಹ್ನದ ಕಾವು ಸ್ವಲ್ಪ ತಗ್ಗಿದ್ದು ಪುಕ್ಕಟೆ ಲಾಭ.

ಫಾಲ್ಸ್ ಸೀಲಿಂಗ್ ಮಾಡಿಸಿದ್ದರೆ ಈ ಪೊಳ್ಳು ಅದರ ಹಿಂದೆ ಅಡಗಿ ಕೂರುತ್ತಿತ್ತು. ಮುಂದೆ ಯಾರ ತಲೆ ಮೇಲೋ ಬೀಳುತ್ತಿತ್ತು. ಕೊಳ್ಳುವವರೂ ಇದನ್ನು ಊಹಿಸುತ್ತಾರೆ. ಹಳೇ ಮನೆಗೆ ಹೊಸ ಸೀಲಿಂಗ್ ಕಂಡರೆ "ಏನೋ ಮುಚ್ಚಿದಾರೆ" ಅಂತಲೇ ಅನ್ನುವುದು. ನಾನಾದರೂ ಹಾಗೇ ಅಂದುಕೊಳ್ಳುತ್ತೇನೆ.

ಉಳಿದದ್ದು ಬೇಗ ಹೇಳುತ್ತೇನೆ. ಮರದ ಪಟ್ಟಿಯ ಹಳೇ ವೈರಿಂಗ್ ತೆಗೆಸಿ ಹೊಸದು, ಫ್ಯೂಸ್ ಬದಲಿಗೆ ಎಂಸಿಬಿ ಸ್ವಿಚ್‌ಗಳ ಬೋರ್ಡ್, ಎರಡು ಕೋಣೆಗೆ 4 ಎಂಎಂ ವೈರಿನ ಎಸಿ ಪಾಯಿಂಟ್: 74 ಸಾವಿರ. ಈ ಊರಲ್ಲಿ ಎಸಿ ಪಾಯಿಂಟ್ ಕೇಳದವರು ಒಬ್ಬರೂ ಬರಲಿಲ್ಲ. ಒಳಗೊಂದು ವೆಸ್ಟರ್ನ್ ಟಾಯ್ಲೆಟ್: 68 ಸಾವಿರ. ಬಂಡೆ ನೆಲದ ಮೇಲೆ ಟೈಲ್ಸ್ ಹಾಕಿಸಿ ಅಂದರು ಎಲ್ಲರೂ. ಹಾಕಿದರೆ ನೆಲ ಏರುತ್ತದೆ, ಬಾಗಿಲುಗಳ ಕೆಳಗೆಲ್ಲ ಕೊಯ್ಯಬೇಕು, ಹೊಸ್ತಿಲು ಮುಳುಗುತ್ತದೆ. ಮಷಿನ್ ಪಾಲಿಶ್ ಹೊಡೆಸಿದೆ, 27 ಸಾವಿರ. ನೀರು ಚೆಲ್ಲಿದ ಹಾಗೆ ಹೊಳೆಯಿತು. ಗೇಟು, ಹಾಲಿನ ಬಣ್ಣಕ್ಕೆ ಇನ್ನೊಮ್ಮೆ 31 ಸಾವಿರ.

ನನ್ನ ದಡ್ಡತನ ಅಂದ್ರೆ ಅಡುಗೆಮನೆ. ಕಡಪ ಕಲ್ಲಿನ ಗೂಡುಗಳಿಗೆ ಕಡುಗೆಂಪು ಹೊಳಪಿನ ಮಾಡ್ಯುಲರ್ ಬಾಗಿಲು ಮಾಡಿಸಿದೆ. 85 ಸಾವಿರ. ನನಗೆ ಇಷ್ಟವಾಗಿತ್ತು, ಅಷ್ಟೇ. ನೋಡಲು ಬಂದ ಹೆಂಗಸರು ಒಬ್ಬೊಬ್ಬರೂ "ಇದನ್ನ ತೆಗೆಸಬೇಕಾಗ್ತದೆ" ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ಅಡುಗೆಮನೆ ಅವರವರ ರುಚಿ, ಅಲ್ವಾ? ಖಾಲಿ ಬಿಟ್ಟಿದ್ದರೇ ಚೆನ್ನಾಗಿತ್ತು.

ಗೌಂಡಿ ಗೋಡೆ ಒಣಗಿಸುತ್ತಿದ್ದ ಹೊತ್ತಲ್ಲಿ ನಾನು ಕಾಗದ ಸರಿಮಾಡುತ್ತಿದ್ದೆ. 2024ರ ಅಕ್ಟೋಬರ್‌ನಿಂದ ಇ-ಖಾತಾ (ಆಸ್ತಿ ಖಾತೆಯ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಇಲ್ಲ. ನಮ್ಮ ಖಾತೆ ಇನ್ನೂ ಅಪ್ಪನ ಹೆಸರಲ್ಲೇ. ಕ್ರಯಪತ್ರದಲ್ಲಿ ಅವರ ಇನಿಶಿಯಲ್ ಒಂದು, ಕಂದಾಯ ರಸೀದಿಯಲ್ಲಿ ಇನ್ನೊಂದು. ವಂಶವೃಕ್ಷ, ಮರಣ ಪ್ರಮಾಣಪತ್ರ, ಅಫಿಡವಿಟ್ ಅಂತ ಮೂರೂವರೆ ತಿಂಗಳು ಹಿಡಿಯಿತು. ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ, ಮಾತ್ರ ಸಲೀಸು. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಕ್ಕಿತು, ಹಿಂದಿನದನ್ನು ಅರ್ಜಿ ಹಾಕಿ ತೆಗೆಸಿದೆ. ಮನೆ ಕೆಲಸಕ್ಕಿಂತ ಮೊದಲು ಇದನ್ನು ಶುರು ಮಾಡಬೇಕಿತ್ತು. ಬ್ಯಾಂಕಿನವರು ಮೊದಲು ಕೇಳುವುದು ಇದನ್ನೇ.

ಯುಗಾದಿ ಆದ ಮೇಲೆ ತೋರಿಸಲು ಶುರು ಮಾಡಿದೆ, ನಲವತ್ತೆಂಟು ಲಕ್ಷ ಹೇಳುತ್ತಾ. ಆಷಾಢದಲ್ಲಿ ಯಾರೂ ಇಲ್ಲ. ಒಬ್ಬರು ಮೊಬೈಲ್ ದಿಕ್ಸೂಚಿ ಹಿಡಿದು ಮನೆಯೆಲ್ಲ ತಿರುಗಿ, ಮೆಟ್ಟಿಲು ಎಡಕ್ಕೆ ತಿರುಗಿದೆ ಅಂತ ಹೊರಟರು. ಹೊಸ ಲೇಔಟ್‌ಗಳಲ್ಲಿ ಇದೇ ದುಡ್ಡಿಗೆ ಹೊಸ ಮನೆ ಅಂದವರು ಹಲವರು. ಅದು ನಿಜವೂ ಹೌದು. ಆದರೆ ಅಲ್ಲಿಗೆ ನೀರಿನ ಟ್ಯಾಂಕರ್ ತರಿಸಬೇಕು, ಇಲ್ಲಿ ಅಲ್ಲೀಪುರ ಕೆರೆಯ ನಲ್ಲಿನೀರು ಇದೆ ಅಂತ ಹೇಳುವುದನ್ನು ನಾನು ನಿಧಾನಕ್ಕೆ ಕಲಿತೆ.

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ಎಂಟಕ್ಕೆ ಬ್ರೋಕರ್ ಫೋನ್: ಪಾರ್ಟಿ ಈಗಲೇ ನೋಡಬೇಕಂತೆ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ, ಹೆಂಡತಿ, ಜೊತೆಗೆ ಅತ್ತೆ. ಹುಡುಗ ಮಳೆ ಬಿದ್ದ ಮರುದಿನವನ್ನೇ ಬೇಕಂತ ಆರಿಸಿಕೊಂಡಿದ್ದ. ಕತ್ತೆತ್ತಿಕೊಂಡೇ ಕೋಣೆಯಿಂದ ಕೋಣೆಗೆ ಹೋದ. ಅಡುಗೆಮನೆಯಲ್ಲಿ ತೇಪೆ ಹಾಕಿದ್ದು ಎಲ್ಲಿ ಅಂತ ನಾನೇ ತೋರಿಸಿದೆ. ರಿಪೇರಿ ಮಾಡುವಾಗ ತೆಗೆದ ಫೋಟೋಗಳನ್ನೂ ಕೊಟ್ಟೆ. ತುಕ್ಕಿನ ಕಂಬಿ ನೋಡಿ ಅವನು ಹೆದರಲಿಲ್ಲ, ಬದಲಿಗೆ ಧೈರ್ಯ ಬಂದ ಹಾಗಿತ್ತು.

ಅತ್ತೆ ಒಳಗೆ ಬಂದೇ ಇರಲಿಲ್ಲ. ಅಂಗಳದಲ್ಲಿ ನಿಂತು ಕೇಳಿದರು, "ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರವ್ವಾ?"

"ಎಂಟು ದಿನ. ಒಮ್ಮೊಮ್ಮೆ ಹತ್ತೂ ಆಗ್ತದಮ್ಮ" ಅಂದೆ.

"ಮುಚ್ಚಳ ತೆಗಿ ನೋಡೋಣು."

ತೆಗೆದೆ. ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದರು. ಬಿಳಿ ಟೈಲ್ಸಿನ ತಳದವರೆಗೂ ನೀರು ತಿಳಿಯಾಗಿತ್ತು. ಕೈಯದ್ದಿ ಮೂಸಿದರು. "ಎಷ್ಟು ಹಿಡಿತದೆ?" "ಐದು ಸಾವಿರ ಲೀಟರ್." ಮಗಳ ಕಡೆ ತಿರುಗಿ ತೆಲುಗಿನಲ್ಲಿ ಏನೋ ಹೇಳಿದರು. ಆಮೇಲೆ ಒಳಗೆ ಬಂದು ಕೂತು ನೀರು ಕುಡಿದರು. ಅಷ್ಟು ಹೊತ್ತಿಗೆ ನನಗೆ ಗೊತ್ತಾಯಿತು, ಇವರು ಮತ್ತೆ ಬರುತ್ತಾರೆ ಅಂತ.

ಚೌಕಾಸಿ ಎರಡು ವಾರ ನಡೆಯಿತು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿತ್ತು. ಮುದ್ರಾಂಕ, ಸೆಸ್ ಎಲ್ಲ ಸೇರಿ ಅವರಿಗೆ ಶೇ. 7.6 ಬೀಳುತ್ತಿತ್ತು. "ಆ ಒಂದು ಪರ್ಸೆಂಟ್ ನೀವು ಬಿಡಿ" ಅಂದ ಹುಡುಗ. ನಲವತ್ತೈದಕ್ಕೆ ನಿಂತಿದ್ದವಳು ನಲವತ್ತನಾಲ್ಕೂವರೆಗೆ ಇಳಿದೆ. ಬ್ಯಾಂಕಿನ ಎಂಜಿನಿಯರ್ ಬಂದು ಸ್ಲ್ಯಾಬ್ ತಟ್ಟಿ ನೋಡಿದರು. ಎಲ್ಲ ಕಡೆ ಟಣ್ ಟಣ್.

ನಾನು ಹಾಕಿದ್ದು 5 ಲಕ್ಷದ ಮೇಲೆ ಮೂರು ಸಾವಿರ. ಅದರಲ್ಲಿ ಮೊದಲ ಬಣ್ಣದ ಬಹುಪಾಲು ಮತ್ತು ಅಡುಗೆಮನೆ ಬಾಗಿಲು ನೀರಿಗೆ ಹೋದ ದುಡ್ಡು. ಬ್ರೋಕರ್‌ಗೆ ಒಂದು ಪರ್ಸೆಂಟ್. ಮಾರಿದ ಲಾಭದ ಮೇಲಿನ ತೆರಿಗೆ ಲೆಕ್ಕಕ್ಕೆ ಬಿಲ್ಲುಗಳನ್ನೆಲ್ಲ ಫೈಲ್ ಮಾಡಿ ಆಡಿಟರ್ ಹತ್ತಿರ ಹೋದೆ. 2001ಕ್ಕೂ ಹಿಂದಿನ ಮನೆ ಆದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ಆ ಅಸಲಿಗೆ ಬೆಲೆಯೇರಿಕೆಯ ಸೂಚ್ಯಂಕ ಹಚ್ಚಿ ಶೇ. 20 ತೆರಿಗೆ, ಹಚ್ಚದೆ ಶೇ. 12.5, ಯಾವುದು ಕಡಿಮೆಯೋ ಅದು ಅಂದರು. ವೈರಿಂಗ್, ಟಾಯ್ಲೆಟ್, ಮಾಳಿಗೆಯ ಬಿಲ್ಲು ಪಕ್ಕಕ್ಕಿಟ್ಟುಕೊಂಡರು. ಬಣ್ಣದ ಬಿಲ್ಲು ನೋಡಿ, "ಇದು ಲೆಕ್ಕಕ್ಕೆ ಬರೋದು ಕಷ್ಟ" ಅಂತ ವಾಪಸ್ ಕೊಟ್ಟರು. ಗೌಂಡಿಯ ಕೂಲಿಗೆ ಬಿಲ್ಲೇ ಇರಲಿಲ್ಲ. ಅವರಿಗೆ ಯುಪಿಐನಲ್ಲಿ ಕೊಟ್ಟಿದ್ದೆ, ಅದರ ಪ್ರಿಂಟ್ ತೆಗೆದು ಸೇರಿಸಿದೆ.

ನವೆಂಬರ್‌ನಲ್ಲಿ ರಿಜಿಸ್ಟರ್ ಆಯಿತು. ಕೀಲಿ ಕೊಡುವ ಹಿಂದಿನ ರಾತ್ರಿ ನಮ್ಮ ಆ ಬೀದಿಗೆ ನೀರು ಬಿಟ್ಟರು ಅಂತ ಪಕ್ಕದ ಮನೆಯವರು ಫೋನ್ ಮಾಡಿದರು. ಹನ್ನೊಂದೂವರೆ. ಸ್ಕೂಟಿ ತೆಗೆದುಕೊಂಡು ಹೋಗಿ, ಸಂಪ್ ತುಂಬುವವರೆಗೂ ಕಟ್ಟೆ ಮೇಲೆ ಕೂತಿದ್ದು, ಮುಚ್ಚಳ ಹಾಕಿ ಬಂದೆ.