ಮಲೆನಾಡಿನಲ್ಲಿ ಮಧ್ಯಮ ದರದ ಹೋಟೆಲ್: ತೂಗಿ ನೋಡುವುದು ಹೇಗೆ?

ಜೋಗಕ್ಕೆ ಹೋಗೋಣ ಎಂದು ಮನೆಯಲ್ಲಿ ತೀರ್ಮಾನವಾದ ಕೂಡಲೇ ಮೊಬೈಲ್ ತೆಗೆದು, ಕಡಿಮೆ ದರದ ರೂಮು ಯಾವುದು ಎಂದು ಹುಡುಕುವವರೇ ಜಾಸ್ತಿ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ಜುಲೈನಲ್ಲಿ ಸಾಗರದ ಹತ್ತಿರ ಉಳಿದಿದ್ದೆವು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಕೊರೆಯುವ ತಣ್ಣೀರು. ‘ಸೋಲಾರ್ ಸಾರ್, ನಾಲ್ಕು ದಿನದಿಂದ ಬಿಸಿಲೇ ಇಲ್ಲ’ ಎಂದರು ಕೌಂಟರ್‌ನಲ್ಲಿದ್ದವರು. ಜೊತೆಗಿದ್ದ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಅಡುಗೆಮನೆಯಲ್ಲಿ ಕಾಯಿಸಿ ಒಂದು ಬಕೆಟ್ ನೀರು ತಂದುಕೊಡುವಷ್ಟರಲ್ಲಿ ಒಂಬತ್ತು ಗಂಟೆ. ಅವತ್ತಿನಿಂದ ರೂಮು ಹುಡುಕುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಮಾಡುವ ಲೆಕ್ಕವನ್ನೇ ಇಲ್ಲಿ ಹೇಳುತ್ತೇನೆ.

ಬೋರ್ಡ್ ಯಾರದು, ನಡೆಸುವವರು ಯಾರು?

ಮೊದಲು ಇದನ್ನು ತಿಳಿದುಕೊಳ್ಳಿ. ಟಾಟಾ ಬಳಗದ ಜಿಂಜರ್‌ನಂಥ ಸರಣಿ ಹೋಟೆಲ್‌ಗಳಲ್ಲಿ ಯಾವ ಊರಿಗೆ ಹೋದರೂ ರೂಮು ಹೆಚ್ಚುಕಡಿಮೆ ಒಂದೇ ಅಚ್ಚಿನದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಒಮ್ಮೆ ಉಳಿದಿದ್ದರೆ ಇನ್ನೊಂದು ಊರಿನಲ್ಲಿ ಏನು ಸಿಗುತ್ತದೆ ಎಂಬ ಅಂದಾಜು ಇರುತ್ತದೆ. ಓಯೋ, ಟ್ರೀಬೋ, ಫ್ಯಾಬ್ ಹೋಟೆಲ್ಸ್ ಬೇರೆ ಬಗೆ. ಅಲ್ಲಿ ಸಾಮಾನ್ಯವಾಗಿ ಕಟ್ಟಡ ಊರಿನ ಮಾಲೀಕರದು, ಬೋರ್ಡ್ ಮಾತ್ರ ಕಂಪನಿಯದು. ಹಾಗಾಗಿ ಮೈಸೂರಿನಲ್ಲಿ ಚೆನ್ನಾಗಿತ್ತು, ಶಿವಮೊಗ್ಗದಲ್ಲೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಪ್ರತಿ ಕಟ್ಟಡವನ್ನೂ ಬೇರೆ ಹೋಟೆಲ್ ಎಂದೇ ನೋಡಿ.

ಮೂರನೆಯದು ಸರ್ಕಾರದ ಸರಣಿ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್‌ಗಳಿಗೆ ಜಾಗವೇ ದೊಡ್ಡ ಆಸ್ತಿ. ಜೋಗದ ‘ಮಯೂರ ಗೇರುಸೊಪ್ಪ’ ಹೋಟೆಲ್ ಜಲಪಾತದ ಪಕ್ಕದಲ್ಲೇ ಇದೆ. ಬೆಳಗಿನ ಮಂಜು ಸರಿದು ರಾಜಾ, ರೋರರ್, ರಾಕೆಟ್, ರಾಣಿ ಒಂದೊಂದಾಗಿ ಕಾಣುವ ಹೊತ್ತಿಗೆ ನೀವು ಅಲ್ಲೇ ಇರುತ್ತೀರಿ. ಇದಕ್ಕೂ ಬೆಲೆ ಕಟ್ಟಬೇಕು ಅಲ್ವಾ? ಇವೆಲ್ಲ ಬಿಟ್ಟರೆ ಶಿವಮೊಗ್ಗದ ಹಳೆಯ ಲಾಡ್ಜ್‌ಗಳು, ಹಳ್ಳಿಗಳ ಹೋಮ್‌ಸ್ಟೇಗಳು ಇವೆ. ಅವನ್ನೂ ಅದೇ ಪಟ್ಟಿಗೆ ಸೇರಿಸಿ.

ಪೂರ್ತಿ ರಾತ್ರಿಯ ಖರ್ಚು ಹಾಕಿ

ಆ್ಯಪ್‌ನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ದರ ಬರೀ ರೂಮಿನದು. ಎರಡು ಹೋಟೆಲ್ ಹೋಲಿಸುವಾಗ ಒಂದೇ ದಿನಾಂಕ, ಅಷ್ಟೇ ಜನ ಎಂದು ಇಟ್ಟುಕೊಂಡು ಒಂದೊಂದರ ಪೂರ್ತಿ ಖರ್ಚು ಕೂಡಿಸಿ. ಒಂದು ಉದಾಹರಣೆ ನೋಡಿ. ನಾಲ್ಕು ಜನರ ಕುಟುಂಬ. ಮೊದಲ ಹೋಟೆಲ್‌ನಲ್ಲಿ ರೂಮಿಗೆ 2,800 ರೂಪಾಯಿ, ಹೆಚ್ಚುವರಿ ಹಾಸಿಗೆಗೆ 500, ತಿಂಡಿ ಅದರಲ್ಲೇ ಸೇರಿದೆ. 5% ಜಿಎಸ್‌ಟಿ ಸೇರಿ 3,465 ಆಗುತ್ತದೆ. ಎರಡನೆಯದರಲ್ಲಿ ರೂಮಿಗೆ 2,300, ಹಾಸಿಗೆಗೆ 800. ತೆರಿಗೆ ಸೇರಿ 3,255. ತಿಂಡಿ ಹೊರಗೆ, ತಲೆಗೆ 120 ಎಂದರೆ ಇನ್ನೂ 480. ಒಟ್ಟು 3,735. ಐನೂರು ರೂಪಾಯಿ ಅಗ್ಗ ಎಂದು ಕಂಡದ್ದೇ 270 ರೂಪಾಯಿ ದುಬಾರಿಯಾಯಿತು.

ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5%. ಮೊದಲು 12% ಇತ್ತು. ಯಾರಾದರೂ ಹಳೆಯ ಲೆಕ್ಕದಲ್ಲೇ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ, ಕೇಳಿ.

ಮಲೆನಾಡಿನಲ್ಲಿ ಇನ್ನೊಂದು ಖರ್ಚು ಕಣ್ಣಿಗೆ ಬೀಳುವುದಿಲ್ಲ. ಅದು ದಾರಿಯದು. ಶಿವಮೊಗ್ಗದಿಂದ ಜೋಗಕ್ಕೆ ಸುಮಾರು 100 ಕಿಲೋಮೀಟರ್. ಹೋಗಿ ಬಂದರೆ 200. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ ಹದಿಮೂರು ಲೀಟರ್ ಪೆಟ್ರೋಲ್ ದಾಟುತ್ತದೆ. ಸಾಗರದಲ್ಲಿ ಉಳಿದರೆ ಜೋಗ ಸುಮಾರು 30 ಕಿಲೋಮೀಟರ್ ಅಷ್ಟೇ, ಇಕ್ಕೇರಿಯೂ ಪಕ್ಕದಲ್ಲೇ ಇದೆ. ಸಕ್ರೆಬೈಲಿನ ಆನೆ, ತ್ಯಾವರೆಕೊಪ್ಪದ ಸಫಾರಿ ನೋಡುವವರಿಗೆ ಶಿವಮೊಗ್ಗವೇ ಸರಿ. ಆಗುಂಬೆ, ಕವಲೇದುರ್ಗಕ್ಕೆ ತೀರ್ಥಹಳ್ಳಿ ಹತ್ತಿರ. ಎಲ್ಲಿ ತಿರುಗುತ್ತೀರಿ ಎಂದು ಗೊತ್ತುಮಾಡಿಕೊಳ್ಳದೆ ರೂಮು ಹೋಲಿಸಿ ಪ್ರಯೋಜನವಿಲ್ಲ.

ಫೋನ್ ಮಾಡಿ ಕೇಳಿ

ಪಟ್ಟಿಯಲ್ಲಿ ಮೂರು ಹೆಸರು ಉಳಿದ ಮೇಲೆ ಮೂರಕ್ಕೂ ಫೋನ್ ಮಾಡಿ, ಇವೇ ಪ್ರಶ್ನೆಗಳನ್ನು ಕೇಳಿ. ಬಿಸಿನೀರು ಸೋಲಾರಾ, ಗೀಸರಾ? ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಹೋಮ್‌ಸ್ಟೇ ಆದರೆ ಹಂಡೆ ಇದೆಯಾ ಎಂದು ಕೇಳಿ. ಬಚ್ಚಲ ಒಲೆಗೆ ಬೆಂಕಿ ಹಾಕುವ ಮನೆಯಲ್ಲಿ ಎಂಥ ಮಳೆಯಲ್ಲೂ ಬಿಸಿನೀರಿಗೆ ಬರ ಇರುವುದಿಲ್ಲ. ಈ ಒಂದು ವಿಷಯದಲ್ಲಿ ಹೋಮ್‌ಸ್ಟೇಗೆ ನಾನು ಕಣ್ಣುಮುಚ್ಚಿ ಮಾರ್ಕ್ಸ್ ಕೊಡುತ್ತೇನೆ.

ಕರೆಂಟ್ ಹೋದರೆ ಜನರೇಟರ್ ಇದೆಯಾ? ಅದು ಲಿಫ್ಟಿಗೂ ಇದೆಯಾ, ಬರೀ ಲೈಟು ಫ್ಯಾನಿಗಾ? ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳುವುದು ಕಷ್ಟ. ಮಂಡಿ ನೋವಿನವರು ಮೂರನೇ ಮಹಡಿಯಲ್ಲಿ ಸಿಕ್ಕಿಕೊಳ್ಳಬಾರದು. ಚೆಕ್‌ಔಟ್ ಮಧ್ಯಾಹ್ನ 12ಕ್ಕಾ, 24 ಗಂಟೆಯ ಲೆಕ್ಕವಾ? ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಬೆಳಗಿನ ಜಾವ ಇಳಿಯುವವರಿಗೆ ಇದು ಅರ್ಧ ದಿನದ ಬಾಡಿಗೆಯ ಪ್ರಶ್ನೆ. ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಆದರೆ ಬುಕಿಂಗ್ ಹಣ ವಾಪಸ್ ಕೊಡುತ್ತೀರಾ ಎಂಬುದನ್ನೂ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಕೊನೆಗೆ ದರ ಕೇಳಿ. ಆ್ಯಪ್‌ಗೆ ಹೋಟೆಲ್‌ನವರು ಕಮಿಷನ್ ಕೊಡಬೇಕಾಗುತ್ತದೆ. ಆದ್ದರಿಂದ ನೇರವಾಗಿ ಬುಕ್ ಮಾಡುವವರಿಗೆ ಸ್ವಲ್ಪ ಇಳಿಸುವುದೋ, ತಿಂಡಿ ಸೇರಿಸುವುದೋ ಉಂಟು.

ಜನರ ಅನಿಸಿಕೆ ಓದುವಾಗ ಸ್ಟಾರ್ ಎಣಿಸುತ್ತಾ ಕೂರಬೇಡಿ. ಜುಲೈ, ಆಗಸ್ಟ್‌ನಲ್ಲಿ ಬರೆದದ್ದನ್ನು ಹುಡುಕಿ ಓದಿ. ಬಿಸಿಲುಗಾಲದಲ್ಲಿ ಎಲ್ಲ ರೂಮೂ ಚೆನ್ನಾಗಿರುತ್ತವೆ. ಫೋಟೋ ನೋಡುವಾಗ ಅಲ್ಲಿ ಉಳಿದುಕೊಂಡಿದ್ದವರು ಹಾಕಿದ್ದನ್ನು ನೋಡಿ.

ಸಹಿ ಹಾಕುವ ಮೊದಲು

ರಿಜಿಸ್ಟರ್‌ನಲ್ಲಿ ಹೆಸರು ಬರೆಯುವ ಮೊದಲು ರೂಮು ನೋಡುತ್ತೇವೆ ಎನ್ನಿ. ಇದರಲ್ಲಿ ಸಂಕೋಚವೇನೂ ಇಲ್ಲ. ದಿಂಬು, ರಗ್ಗು ಮೂಸಿ ನೋಡಿ. ಕಪಾಟಿನ ಬಾಗಿಲು ತೆಗೆಯಿರಿ, ಬೂಸ್ಟು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಹಾಸಿಗೆಯ ಮೂಲೆ ಎತ್ತಿ ತಿಗಣೆ ಇದೆಯಾ ನೋಡಿ. ಬಿಸಿನೀರಿನ ನಲ್ಲಿ ಎರಡು ನಿಮಿಷ ಬಿಡಿ. ಒದ್ದೆ ಬಟ್ಟೆ ಹರವಲು ಜಾಗ ಇದೆಯಾ? ಆಗುಂಬೆ ಕಡೆ ಇಡೀ ದಿನ ಓಡಾಡಿ ಬಂದವರಿಗೆ ಟಿವಿಗಿಂತ ಒಂದು ಹಗ್ಗ ಮುಖ್ಯ. ಶಿವಮೊಗ್ಗದಲ್ಲಿ ಬಿ.ಎಚ್. ರಸ್ತೆಯ ಕಡೆ ಕಿಟಕಿ ಇರುವ ರೂಮು ಕೊಟ್ಟರೆ ಹಿಂದಿನ ಸಾಲಿನದು ಕೇಳಿ. ಲಾರಿ, ಬಸ್ಸಿನ ಸದ್ದಿಗೆ ನಿದ್ದೆ ಹತ್ತುವುದು ಕಷ್ಟ.

ಹೊರಡುವಾಗ ಬಿಲ್ ಓದಿ. ಸರ್ವಿಸ್ ಚಾರ್ಜ್ ಎಂದು ತಾವಾಗಿಯೇ ಸೇರಿಸುವಂತಿಲ್ಲ ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ತೆಗೆಯಿರಿ ಎಂದು ಕೇಳುವ ಹಕ್ಕು ನಿಮಗಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಿದ್ದೆ ಚೆನ್ನಾಗಿ ಬಂದಿದ್ದರೆ ರೂಮ್ ನಂಬರನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದೇ ಹೋಟೆಲ್‌ನಲ್ಲೂ ಗಾಳಿ ಬೆಳಕಿನ ರೂಮು ಒಂದೆರಡೇ ಇರುತ್ತವೆ. ಮುಂದಿನ ಸಲ ಫೋನ್ ಮಾಡಿದಾಗ ಅದನ್ನೇ ಹೆಸರಿಸಿ ಕೇಳಬಹುದು.