ಮಳಿಗೆ ಹಾಕದೆ ಎಸ್ಸೆನ್ ಮೇಳದಲ್ಲಿ ಆಟ ಒಪ್ಪಿಸಿದ ಬಗೆ

ಜರ್ಮನಿಯ ಎಸ್ಸೆನ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ‘ಶ್ಪೀಲ್’ ಎಂಬ ಆಟಗಳ ಮೇಳಕ್ಕೆ ಬರಿಯ ಸಂದರ್ಶಕನಾಗಿ ಹೋಗಿ, ಹೆಗಲ ಚೀಲದಲ್ಲಿರುವ ಮಾದರಿಯನ್ನಷ್ಟೇ ತೋರಿಸಿ, ಬೋರ್ಡ್ ಗೇಮ್ ಒಂದಕ್ಕೆ ಪ್ರಕಾಶಕರನ್ನು ಹಿಡಿಯಬಹುದೆಂದು ನಾನು ಹೇಳಿದಾಗ ಬೆಂಗಳೂರಿನ ನಮ್ಮ ವಿನ್ಯಾಸಕರ ಗುಂಪಿನಲ್ಲಿ ನಂಬಿದವರಿಲ್ಲ. ಕ್ರೌಡ್‌ಫಂಡಿಂಗ್ ಮಾಡಿ ಇಲ್ಲೇ ಮುದ್ರಿಸುವುದೊಂದೇ ದಾರಿ ಎಂಬುದು ಅವರ ವಾದವಾಗಿತ್ತು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಅವರೇ ವಿವರ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋದದ್ದು ನ್ಯೂರೆಂಬರ್ಗ್‌ನ ಆಟಿಕೆ ಮೇಳಕ್ಕೆ. ಅದು ವ್ಯಾಪಾರಸ್ಥರಿಗೆ ಮಾತ್ರ ತೆರೆದಿರುವ ಮೇಳ. ಚಳಿಗಾಲದ ನಡುವೆ ಐದು ದಿನ ನಡೆಯುತ್ತದೆ. ವಿಮಾನ, ವಸತಿ, ವೀಸಾ ಎಲ್ಲ ಸೇರಿ ಎರಡೂಕಾಲು ಲಕ್ಷದಷ್ಟು ಖರ್ಚಾಯಿತು, ಕೈಗೆ ಬಂದದ್ದು ಭೇಟಿ ಚೀಟಿಗಳ ಕಟ್ಟು ಮಾತ್ರ. ಮಳಿಗೆಗಳ ಮುಂದೆ ನಿಂತಿರುವವರು ಮಾರಾಟ ವಿಭಾಗದವರು, ಅವರ ಕಣ್ಣು ಅಂಗಡಿಗಳ ಖರೀದಿದಾರರ ಮೇಲೆ. ಹೊಸ ಆಟ ಆರಿಸುವ ಸಂಪಾದಕರು ಒಳಗಿನ ಕೋಣೆಯಲ್ಲಿ, ವಾರಗಳ ಹಿಂದೆಯೇ ಸಮಯ ಗೊತ್ತುಮಾಡಿಕೊಂಡವರ ಜೊತೆ ಕುಳಿತಿರುತ್ತಾರೆ. ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಅಚ್ಚಾಗದಿದ್ದರೆ ಆಟ ಕೊಡುವುದಿಲ್ಲವೆಂದು 1988ರಲ್ಲಿ ಕೆಲವು ಆಟಗಳ ಕರ್ತೃಗಳು ಬಿಯರ್ ಲೋಟದಡಿ ಇಡುವ ರಟ್ಟಿನ ಮೇಲೆ ಸಹಿ ಹಾಕಿದ್ದು ಇದೇ ಮೇಳದಲ್ಲಿ. ನನ್ನ ಒಪ್ಪಂದದಲ್ಲಿ ಹೆಸರಿನ ಷರತ್ತು ಚರ್ಚೆಯಿಲ್ಲದೆ ಬಂದದ್ದಕ್ಕೆ ಆ ರಟ್ಟೇ ಕಾರಣ ಎನ್ನಬೇಕು.

ಎಸ್ಸೆನ್‌ಗೆ ಹೊರಡುವ ಮೊದಲು ಆಗಸ್ಟ್‌ನಲ್ಲಿಯೇ ಸುಮಾರು ನಲವತ್ತು ಪ್ರಕಾಶಕರಿಗೆ ಬರೆದೆ. ಪ್ರತಿಯೊಂದು ಪತ್ರದಲ್ಲಿಯೂ ಅವರದೇ ಪಟ್ಟಿಯ ಯಾವ ಆಟದ ಪಕ್ಕ ನನ್ನದು ಕೂರುತ್ತದೆಂದು ಎರಡು ಸಾಲು, ಆಟದ ಸಾರಾಂಶ ಹೇಳುವ ಒಂದು ಪುಟದ ಸೆಲ್ ಶೀಟ್, ಎರಡು ನಿಮಿಷದ ವಿಡಿಯೊ ಇದ್ದವು. ಮುಕ್ಕಾಲು ಪಾಲು ಜನ ಉತ್ತರಿಸಲಿಲ್ಲ. ಗೌಪ್ಯತಾ ಕರಾರಿಗೆ ಸಹಿ ಕೇಳುವವರಿಗೆ ಯಾರೂ ಉತ್ತರಿಸುವುದಿಲ್ಲ, ಆ ಆಸೆಯನ್ನು ಬಿಟ್ಟುಬಿಡುವುದೇ ಲೇಸು. ಸಿಕ್ಕ ಭೇಟಿಗಳನ್ನೆಲ್ಲ ಗುರುವಾರ ಮತ್ತು ಶುಕ್ರವಾರಕ್ಕೆ ಹಾಕಿಕೊಂಡೆ. 2024ರಲ್ಲಿ ಎರಡು ಲಕ್ಷಕ್ಕೂ ಮೀರಿ ಜನ ಬಂದ ಮೇಳವದು, ಶನಿವಾರ ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಕೆಲಸ ಸಾಧಿಸಿದ್ದು ಮೇಜಿನ ಮೇಲಿನ ಒಂದು ಬದಲಾವಣೆ. ಆಟವನ್ನು ಮೊದಲಿನಿಂದ ಹೂಡಿ ನಿಯಮ ವಿವರಿಸತೊಡಗಿದರೆ ಇಪ್ಪತ್ತು ನಿಮಿಷದ ಭೇಟಿಯಲ್ಲಿ ಹದಿನೈದು ಹಾಗೆಯೇ ಹೋಗುತ್ತವೆ. ಆದ್ದರಿಂದ ನಾನು ಕಾಯಿಗಳನ್ನು ಆರನೆಯ ಸುತ್ತಿನ ಬಿಕ್ಕಟ್ಟಿನ ಸ್ಥಿತಿಯಲ್ಲಿಟ್ಟು, ಸಂಪಾದಕರ ಕೈಗೇ ನಡೆ ಕೊಟ್ಟೆ. ಅವರು ತಪ್ಪು ನಡೆ ಇಟ್ಟು ‘ಅಯ್ಯೋ’ ಎಂದ ಕ್ಷಣಕ್ಕೆ ಅರ್ಧ ವ್ಯವಹಾರ ಮುಗಿದಿರುತ್ತದೆ. ಆ ಸ್ಥಿತಿಯನ್ನು ಒಂದು ನಿಮಿಷದೊಳಗೆ ಮೇಜಿನ ಮೇಲೆ ಹರಡುವ ಉಪಾಯವೂ, ನಂತರ ನಾನು ಕೇಳುವ ಮೊದಲ ಪ್ರಶ್ನೆಯೂ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಮ್ಮೆ ಚನ್ನಪಟ್ಟಣದಲ್ಲಿ ಹಾಲೆ ಮರದಿಂದ ಕಡೆಸಿ, ಅರಗಿನ ಬಣ್ಣ ಹಾಕಿಸಿದ ಕಾಯಿಗಳ ಮಾದರಿ ಒಯ್ದಿದ್ದೆ. ಎಲ್ಲರೂ ಕಾಯಿಗಳನ್ನು ಕೈಯಲ್ಲಿ ಹೊರಳಿಸುತ್ತ, ಐದು ಸಾವಿರ ಪ್ರತಿಗೆ ಅವು ಎಷ್ಟು ಬೆಲೆಗೆ ಬೀಳುತ್ತವೆ ಎಂದು ಕೇಳಿದರೇ ಹೊರತು ಆಟವನ್ನು ಯಾರೂ ಕೇಳಲಿಲ್ಲ. ಈಗ ಒಯ್ಯುವುದು ಕಪ್ಪು-ಬಿಳುಪು ಮುದ್ರಣ ಮತ್ತು ಸಾದಾ ಮರದ ಘನಗಳು. ಅಳಗುಳಿಮಣೆಯ ಹೊಸ ರೂಪವೊಂದನ್ನೂ ತೋರಿಸಿದೆ. ಮಂಕಾಲ ಮನೆತನದ, ಅಂದರೆ ಗುಳಿಗಳಲ್ಲಿ ಕಾಳು ಹಂಚುತ್ತ ಆಡುವ, ಆಟಗಳು ತಮ್ಮಲ್ಲಿ ಬೇಕಾದಷ್ಟಿವೆಯೆಂದು ಸಂಪಾದಕರು ನಯವಾಗಿ ತಳ್ಳಿಹಾಕಿದರು. ಅದಕ್ಕೆ ಗುಲಗಂಜಿ ಬಳಸಬೇಕೆಂದಿದ್ದ ಗೆಳೆಯನನ್ನು ನಾನೇ ತಡೆದಿದ್ದೆ, ವಿಷಬೀಜವಿರುವ ಆಟಿಕೆ ಯಾವ ಸುರಕ್ಷತಾ ಪರೀಕ್ಷೆಯನ್ನೂ ದಾಟದು.

ಈಗ ಹಣದ ಮಾತು. ಮೇಳದ ವಾರ ಎಸ್ಸೆನ್‌ನ ಕೋಣೆಗಳ ಬಾಡಿಗೆ ಎರಡು ಮೂರು ಪಟ್ಟಾಗುವುದರಿಂದ ಹತ್ತಿರದ ಬೋಕುಮ್ ಊರಿನಲ್ಲಿ ಉಳಿದು ದಿನವೂ ರೈಲಿನಲ್ಲಿ ಬಂದೆ. ಒಟ್ಟು ಖರ್ಚು ಒಂದೂವರೆ ಲಕ್ಷದ ಆಸುಪಾಸಿನಲ್ಲಿ ನಿಂತಿತು. ಮಾದರಿಯನ್ನು ಇಬ್ಬರು ಇರಿಸಿಕೊಂಡರು. ಒಬ್ಬರು ಏಳೆಂಟು ತಿಂಗಳು ಸುಮ್ಮನಿದ್ದು ಹಿಂದಿರುಗಿಸಿದರು, ಇನ್ನೊಬ್ಬರು ಫೆಬ್ರವರಿಯಲ್ಲಿ ಕರಡು ಕಳುಹಿಸಿದರು. ಪ್ರಕಾಶಕರ ನಿವ್ವಳ ಮಾರಾಟದ ಮೇಲೆ ಶೇ. 6 ರಾಯಧನ, ಸಾವಿರದೈನೂರು ಯೂರೊ ಮುಂಗಡ. ಮೊದಲ ಕರಡಿನಲ್ಲಿ ಶೇ. 5 ಇತ್ತು, ಕೇಳಿದ್ದರಿಂದ ಏರಿತು. ಜರ್ಮನಿಯಲ್ಲಿ ವಿದೇಶಿ ಕರ್ತೃವಿನ ರಾಯಧನದಿಂದ ಶೇ. 15.825ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಭಾರತ-ಜರ್ಮನಿ ತೆರಿಗೆ ಒಪ್ಪಂದದ ಪ್ರಕಾರ ಅದು ಶೇ. 10ಕ್ಕೆ ಇಳಿಯಬೇಕಾದರೆ ಹಣ ಪಾವತಿಯಾಗುವ ಮೊದಲೇ ಅಲ್ಲಿನ ಕೇಂದ್ರ ತೆರಿಗೆ ಕಚೇರಿಯ ಪ್ರಮಾಣಪತ್ರ ಪ್ರಕಾಶಕರ ಕೈಯಲ್ಲಿರಬೇಕು. ಆ ಅರ್ಜಿಗೆ ನಮ್ಮ ಆದಾಯ ತೆರಿಗೆ ಇಲಾಖೆಯಿಂದ ನಿವಾಸಿ ದೃಢೀಕರಣ ಬೇಕಾಗುವುದರಿಂದ, ಸಹಿ ಬಿದ್ದ ವಾರವೇ ಲೆಕ್ಕಪರಿಶೋಧಕರ ಬಳಿ ಹೋಗುವುದು ಒಳ್ಳೆಯದು.